ಶನಿವಾರದ ಮಾಫಿ

ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಉಳಿದವರಿಗೆ ತಾಯಿಯ ಜಡೆ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಪಾಪ. ನಗಬೇಡಿ, ನಿಜ ಹೇಳುತ್ತಿದ್ದೇನೆ. ಹೊಸಪೇಟೆಯ ನಮ್ಮ ಗುಡಿಯೊಳಗೆ (ಚರ್ಚು ಅನ್ನುವುದು ಹೊರಗಿನವರು, ನಮಗದು ಗುಡಿ) ಬಲಗಡೆಯ ಗೋಡೆಗೆ ಆತುಕೊಂಡು ಪಾಪನಿವೇದನೆಯ ಒಂದು ಸಾಗುವಾನಿ ಗೂಡಿತ್ತು. ನಡುವೆ ಫಾದರ್ ಕೂರುವ ಪೀಠ, ಪಕ್ಕದಲ್ಲಿ ನಾವು ಮೊಣಕಾಲೂರುವ ಹಲಗೆ, ಎರಡರ ಮಧ್ಯೆ ಸಣ್ಣ ಸಣ್ಣ ತೂತಿನ ಜಾಲರಿ. ವಾರದಲ್ಲಿ ಮಾಡಿದ ತಪ್ಪುಗಳನ್ನು ಆ ಜಾಲರಿಗೆ ಮುಖ ಹಚ್ಚಿ ಪಿಸುಗುಟ್ಟಬೇಕು. ಆ ಕಡೆಯಿಂದ ಬುದ್ಧಿಮಾತು, ಒಂದು ಪ್ರಾಯಶ್ಚಿತ್ತ, ಆಮೇಲೆ ಕ್ಷಮೆ. ಎಷ್ಟೋ ವರ್ಷ ಎಷ್ಟೋ ಜನ ಹಣೆ ಊರಿ ಊರಿ, ತಲೆಯ ಎಣ್ಣೆಯೆಲ್ಲ ಆ ಮರಕ್ಕೆ ಇಳಿದಿತ್ತು. ಮೊನ್ನೆ ಕ್ರಿಸ್ತಜಯಂತಿಯ ಗೋದಲಿ ಕಟ್ಟಲು ಹುಲ್ಲು ಹುಡುಕುತ್ತ ಗುಡಿಯ ಹಿಂದಿನ ಸಾಮಾನು ಕೋಣೆಗೆ ಹೋದೆ. ಬಾಗಿಲು ತೆಗೆದ ಕೂಡಲೇ ಅದೇ ವಾಸನೆ. ಮೂಲೆಯಲ್ಲಿ, ಗುಡಿಯಿಂದ ಕಾಣೆಯಾಗಿದ್ದ ನಮ್ಮ ಗೂಡು, ಅದರೊಳಗೆ ನೆಲ ಒರೆಸುವ ಕೋಲು, ಮುರಿದ ಪ್ಲಾಸ್ಟಿಕ್ ಕುರ್ಚಿ, ಫಿನಾಯಿಲ್ ಡಬ್ಬಿ.

ಸಿಟ್ಟು ನೆತ್ತಿಗೇರಿತು ನೋಡಿ. ಅಲ್ಲ, ಇದನ್ನು ಇಲ್ಲಿ ತಂದು ಒಗೆದವರು ಯಾರು? ಗುಡಿಗೆ ಹೊಸ ಟೈಲ್ಸ್ ಹಾಕಿಸುವಾಗ ಅಡ್ಡ ಬಂತಂತೆ. "ಈಗ ಯಾರ್ ಬರ್ತಾರ ಟೀಚರ್, ಶುಭ ಶುಕ್ರವಾರದ ಮುಂದ ಒಂದು ಕುರ್ಚಿ ಹಾಕಿದ್ರ ಸಾಕಲ್ರಿ" ಅಂದ ಗುಡಿ ನೋಡಿಕೊಳ್ಳುವವನು. ಅವನದೂ ತಪ್ಪಲ್ಲ. ವರ್ಷಕ್ಕೊಮ್ಮೆ ರೇಶನ್ ಅಂಗಡಿಯ ಮುಂದೆ ನಿಂತ ಹಾಗೆ ಸಾಲು ನಿಲ್ಲುತ್ತೇವೆ, ಒಬ್ಬೊಬ್ಬರಿಗೆ ಎರಡು ನಿಮಿಷ, ಮುಗಿಯಿತು. ನನ್ನ ಮಗಳಂತೂ "ಅಮ್ಮ, ನಾನು ಡೈರೆಕ್ಟಾಗಿ ದೇವರಿಗೇ ಹೇಳ್ತೀನಿ, ನಡುವೆ ಯಾಕೆ ಇನ್ನೊಬ್ಬರು" ಅನ್ನುತ್ತಾಳೆ. ಹೇಳುತ್ತಾಳೋ ಬಿಡುತ್ತಾಳೋ ಆ ದೇವರಿಗೇ ಗೊತ್ತು. ಬಾಯಿಬಿಟ್ಟು ಮತ್ತೊಬ್ಬ ಮನುಷ್ಯನ ಕಿವಿಗೆ ಬೀಳುವಂತೆ "ನಾನು ಹೀಗೆ ಮಾಡಿದೆ" ಅನ್ನುವುದಕ್ಕೂ, ದಿಂಬಿಗೆ ಮುಖ ಒತ್ತಿ ನೆನಸಿಕೊಳ್ಳುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಅವಳಿಗೆ ಹೇಗೆ ತಿಳಿಸಲಿ? ಎಲ್ಲರ ಮೇಲೂ ಹೀಗೆ ರೇಗಾಡುತ್ತ ಆ ಗೂಡಿನ ಹಲಗೆಯ ಮೇಲೆ ಕೈ ಇಟ್ಟೆ. ಮೊಣಕಾಲು ಊರಿ ಊರಿ ಬಿದ್ದಿದ್ದ ಎರಡು ತಗ್ಗುಗಳು ಹಾಗೇ ಇದ್ದವು. ಆಗ ಸಿಟ್ಟು ತಿರುಗಿ ನನ್ನ ಮೇಲೇ ಬಂತು. ಇಷ್ಟು ಬೈಯುವ ನಾನು ಮಾಡಿದ್ದಾದರೂ ಏನು? ಅದನ್ನು ಹೇಳಬೇಕೆಂದರೆ ನಮ್ಮ ಮನೆಯಿಂದ ಶುರು ಮಾಡಬೇಕು.

ನಮ್ಮಜ್ಜ ಚೌರಪ್ಪ ಡ್ಯಾಮ್ ಕಟ್ಟುವ ಕಾಲಕ್ಕೆ ಕಲ್ಲುಕೆಲಸಕ್ಕೆಂದು ಬಂದವನು. ಡ್ಯಾಮ್ ಮುಗಿಯಿತು, ಅಜ್ಜ ಇಲ್ಲೇ ಉಳಿದ. ರೈಲು ಹಳಿಯ ಆಚೆ ತಾನೇ ಕಲ್ಲು ಕಡಿದು ಮೂರು ಅಂಕಣದ ಮನೆ ಕಟ್ಟಿದ. ನಾನು ಕಣ್ಣು ಬಿಡುವ ಹೊತ್ತಿಗೆ ಅಜ್ಜ ಇರಲಿಲ್ಲ. ಅಜ್ಜಿ ಇನ್ನಾಸಮ್ಮ ಇದ್ದಳು, ಅಪ್ಪ, ಅವ್ವ, ಕಾಕ ಮತ್ತು ಕಾಕನ ಹೆಂಡತಿ ಲೂರ್ದಮ್ಮ ಚಿಗವ್ವ. ಮನೆಯಲ್ಲಿ ಕೂಸು ಅಂದರೆ ನಾನೊಬ್ಬಳೇ. ಬೇಸಿಗೆಯಲ್ಲಿ ಆ ಕಲ್ಲಿನ ಗೋಡೆ ಸಂಜೆ ಏಳಕ್ಕೂ ಒಲೆಯ ಹಾಗೆ ಕಾಯುತ್ತಿತ್ತು. ಚಿಗವ್ವ ಅಂಗಳಕ್ಕೆ ನೀರು ಹೊಡೆದು ಚಾಪೆ ಹಾಸಿ, ನನ್ನ ತಲೆ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಹೇನು ನೋಡುತ್ತಿದ್ದಳು. ಕಂಪ್ಲಿಯ ಕಡೆಯ ಹೆಣ್ಣು, ಮದುವೆಯಾಗಿ ಎರಡು ವರ್ಷವಾಗಿತ್ತು ಅಷ್ಟೇ, ಮಾತು ಕಡಿಮೆ. ಅವಳ ಕೈಬೆರಳಿಗೆ ಯಾವಾಗಲೂ ಬೆಳ್ಳುಳ್ಳಿಯ ವಾಸನೆ. ಅವಳ ತೊಡೆಯ ಮೇಲೆ ನಿದ್ದೆ ಹೋದಷ್ಟು ಚೆನ್ನಾಗಿ ನಾನು ಆಮೇಲೆ ಎಲ್ಲಿಯೂ ನಿದ್ದೆ ಮಾಡಿಲ್ಲ.

ಅಜ್ಜಿ ಮಾತ್ರ ಅಬ್ಬಬ್ಬಾ! ಶನಿವಾರ ನಾಲ್ಕು ಗಂಟೆಯಾಯಿತೆಂದರೆ ಮನೆ ತುಂಬ ಅವಳದೇ ದನಿ. ಪ್ರತಿ ಶನಿವಾರ ಎಲ್ಲರೂ ಪಾಪನಿವೇದನೆಗೆ ಹೋಗಲೇಬೇಕು. ಜ್ವರ ಬರಲಿ, ನೆಂಟರು ಬರಲಿ, ಬಿಡುವಂತಿಲ್ಲ. "ಹಾಲಿನ ಬೋಗುಣಿ ಅವತ್ತಿಂದವತ್ತ ತಿಕ್ಕಬೇಕವಾ. ನಾಳಿ ತಿಕ್ಕತೀನಿ ಅಂದ್ರ ಮತ್ತ ಉಗುರಿಲೆ ಕೆರೀತಾ ಕುಂದರಬೇಕು" ಅನ್ನುತ್ತಿದ್ದಳು. ಆದರೆ ಗುಡಿಗೆ ಹೋಗುವ ಮುಂಚೆ ಮನೆಯಲ್ಲೇ ಇನ್ನೊಂದು ಕಟ್ಟಳೆ. ಅದಕ್ಕೆ ನಾವು ಮಾಫಿ ಅನ್ನುತ್ತಿದ್ದೆವು. ತಲಬಾಗಿಲ ಹತ್ತಿರ ಅಜ್ಜಿ ಮಣೆ ಹಾಕಿ ಕಾಲು ಚಾಚಿ ಕೂರುತ್ತಿದ್ದಳು. ಸಣ್ಣವರು ದೊಡ್ಡವರ ಕಾಲು ಮುಟ್ಟಿ "ತಪ್ಪಾಗಿದ್ರ ಮಾಫಿ ಮಾಡ್ರಿ" ಅನ್ನಬೇಕು, ದೊಡ್ಡವರು ತಲೆಯ ಮೇಲೆ ಕೈ ಇಟ್ಟು "ನಂದೂ ಮಾಫಿ ಮಾಡು" ಅನ್ನಬೇಕು. ಅಪ್ಪನೂ ಅಜ್ಜಿಯ ಕಾಲು ಮುಟ್ಟುತ್ತಿದ್ದ, ಅಜ್ಜಿಯೂ ನನ್ನಂಥ ಗಿಡ್ಡಿಗೆ "ನಂದೂ ಮಾಫಿ" ಅನ್ನುತ್ತಿದ್ದಳು. ಮೊದಲು ಮನೆಯ ಮಾಫಿ, ಆಮೇಲೆ ಗುಡಿಯ ಮಾಫಿ. ಮನೆಯಲ್ಲಿ ಮುಖ ತಿರುಗಿಸಿಕೊಂಡು ಗುಡಿಗೆ ಹೋದರೆ ದೇವರು ಬಾಗಿಲಲ್ಲೇ ಹಿಡಿದು ವಾಪಸು ಕಳಿಸುತ್ತಾನೆ ಅನ್ನುವುದು ಅವಳ ನಂಬಿಕೆ.

ಅಜ್ಜಿಗೆ ಕಿವಿ ಮಂದ. ತನಗೆ ಕೇಳಿಸದ್ದು ಫಾದರಿಗೂ ಕೇಳಿಸುವುದಿಲ್ಲ ಅಂತ ತಿಳಿದು ಗೂಡಿನೊಳಗೆ ಕೂಗಿ ಹೇಳುತ್ತಿದ್ದಳು. ಸಾಲಿನಲ್ಲಿ ನಿಂತವರೆಲ್ಲ ಹತ್ತು ಹೆಜ್ಜೆ ಹಿಂದೆ ಸರಿದು, ಗೋಡೆಯ ಮೇಲಿನ ಶಿಲುಬೆ ಹಾದಿಯ ಪಟಗಳನ್ನು ಅವತ್ತೇ ಮೊದಲ ಸಲ ಕಂಡವರಂತೆ ನೋಡುತ್ತ ನಿಲ್ಲುತ್ತಿದ್ದರು. ಹೇಳುತ್ತಿದ್ದುದಾದರೂ ತನ್ನ ಪಾಪವೇ? "ಸ್ವಾಮಿ, ದೊಡ್ಡ ಸೊಸಿ ಸಾರಿಗೆ ಉಪ್ಪು ಸುರದ್ಲು, ಅದಕ್ಕ ನನಗ ಸಿಟ್ಟು ಬಂತು!" ಅವ್ವ ನಾಚಿಕೆಯಿಂದ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ನನ್ನ ಕಷ್ಟ ಬೇರೆಯದು. ಪ್ರತಿ ವಾರ ಪಾಪ ಎಲ್ಲಿಂದ ತರಲಿ? ಒಂದು ವಾರ ಏನೂ ಸಿಗದೆ "ತಂಗಿಗೆ ಹೊಡದೆ ಸ್ವಾಮಿ" ಅಂದುಬಿಟ್ಟೆ. ಜಾಲರಿಯ ಆಚೆ ನಮ್ಮ ಮುದಿ ಫಾದರ್ ಮೆಲ್ಲಗೆ ಕೆಮ್ಮಿ, "ನಿನಗ ತಂಗಿ ಎಲ್ಲಿದಾಳವಾ? ಪಾಪ ಹುಟ್ಟಿಸಬ್ಯಾಡ. ಇದ್ದರ ಹೇಳು, ಇಲ್ಲದಿದ್ರ ಇಲ್ಲ ಅನ್ನು. ಸುಮ್ನ ಬಂದು ಹೋಗೂದನ್ನ ಮಾತ್ರ ಬಿಡಬ್ಯಾಡ. ದಾರಿ ರೂಢಿ ಇದ್ರ, ಭಾರ ಇದ್ದಾಗ ಕಾಲು ತಾವ ನಡೀತಾವು" ಅಂದರು. ನನಗಾಗ ಒಂಬತ್ತು ವರ್ಷ. ಬದುಕಿದೆ ಅಂದುಕೊಂಡು ಓಡಿ ಬಂದೆ.

ಅಜ್ಜಿಗೊಂದು ಜಪಸರ ಇತ್ತು. ಕರಿ ಮರದ ಮಣಿ, ತುದಿಗೆ ಹಿತ್ತಾಳೆ ಶಿಲುಬೆ. ಡ್ಯಾಮಿನ ಕೆಲಸ ಮುಗಿದಾಗ ಅಜ್ಜನಿಗೆ ಯಾರೋ ಗುರುಗಳು ಕೊಟ್ಟದ್ದು. ಅಜ್ಜ ಸಾಯುವಾಗ ಕೈಯಲ್ಲಿ ಹಿಡಿದದ್ದೂ ಅದನ್ನೇ. ದೇವರ ಪಟದ ಪಕ್ಕದ ಮೊಳೆಗೆ ತೂಗುತ್ತಿತ್ತು, ಯಾರೂ ಮುಟ್ಟುವಂತಿರಲಿಲ್ಲ. ಚಿಗವ್ವ ಒಮ್ಮೆ ಪ್ರೀತಿಯಿಂದ, "ಅತ್ತಿ, ಮುಂದ ಒಂದಿನ ಈ ಜಪಸರ ನನಗ ಕೊಡ್ತೀರೇನು?" ಅಂತ ಕೇಳಿದ್ದಳು. "ನಾ ಸಾಯಲಿ ಅಂತ ಕಾಯಾಕತ್ತೀಯೇನು?" ಅಂತ ಅಜ್ಜಿ ಗದರಿದ್ದಳು. ಆ ವರ್ಷ ಶಾಲೆಯಿಂದ ನಮ್ಮನ್ನು ಹಂಪಿಗೆ ಕರೆದುಕೊಂಡು ಹೋದರು. ಗೆಳತಿಯರೆಲ್ಲ ಸರ ಹಾಕಿಕೊಂಡು ಬರುತ್ತಾರೆ, ನನ್ನ ಕೊರಳು ಬೋಳು. ಬೆಳಿಗ್ಗೆ ಅಜ್ಜಿ ನೀರು ಹಿಡಿಯಲು ನಲ್ಲಿಗೆ ಹೋದಾಗ ಮಣೆ ಹತ್ತಿ ಜಪಸರ ತೆಗೆದು ಲಂಗದ ರವಿಕೆಯೊಳಗೆ ಹಾಕಿಕೊಂಡೆ. ಕಮಲಾಪುರ ದಾಟುವವರೆಗೆ ಒಳಗೇ ಇತ್ತು. ಹಂಪಿ ಬಜಾರಿನಲ್ಲಿ ಹೊರಗೆ ತೆಗೆದು ಮೆರೆದೆ. ಮಧ್ಯಾಹ್ನ ಹರಿಗೋಲು ಹತ್ತಿದೆವು. ಹೊಳೆಯ ನಡುವೆ ಅದು ಗಿರ್ರನೆ ತಿರುಗುವಾಗ ನೀರು ಮುಟ್ಟಬೇಕು ಅಂತ ಬಗ್ಗಿದೆ. ದಾರ ಹಳೆಯದು. ಕೊರಳಿಂದ ಏನೋ ಜಾರಿದ್ದು ಗೊತ್ತಾಯಿತು, ನೀರಿಗೆ ಬಿದ್ದ ಸದ್ದು ಕೂಡ ಕೇಳಲಿಲ್ಲ. ಉಳಿದವರೆಲ್ಲ ಕೇಕೆ ಹಾಕಿ ನಗುತ್ತಿದ್ದರು. ನಾನೂ ನಕ್ಕೆ.

ಮನೆಗೆ ಬಂದಾಗ ಅಜ್ಜಿ ಮೊಳೆಯ ಕೆಳಗೆ ನಿಂತಿದ್ದಳು. ನನ್ನನ್ನು ಯಾರೂ ಕೇಳಲೇ ಇಲ್ಲ ನೋಡಿ, ಅದೇ ನನ್ನ ದುರದೃಷ್ಟ. ಕೇಳಿದ್ದರೆ ಅತ್ತುಬಿಡುತ್ತಿದ್ದೆ. ಅಜ್ಜಿಯ ತಲೆಯಲ್ಲಿ ಆಗಲೇ ಎಲ್ಲ ತೀರ್ಮಾನವಾಗಿತ್ತು. ಜಪಸರ ಬೇಕೆಂದು ಕೇಳಿದವಳು ಒಬ್ಬಳೇ, ಆದ್ದರಿಂದ ತೆಗೆದವಳೂ ಅವಳೇ. ಚಿಗವ್ವನ ಟ್ರಂಕು ಅಂಗಳದಲ್ಲಿ ಸುರಿಯಿತು. ಮದುವೆಯ ಸೀರೆ, ಅವಳವ್ವ ಕೊಟ್ಟ ಕುಂಕುಮ ಬಣ್ಣದ ಕಂಬಳಿ, ಎರಡು ಬಳೆ. ಏನೂ ಸಿಗಲಿಲ್ಲ. "ತೌರಿಗೆ ಕಳಿಸ್ಯಾಳ" ಅಂದಳು ಅಜ್ಜಿ. ಆ ಶನಿವಾರ ಮಾಫಿಯ ಹೊತ್ತಿಗೆ ಎಲ್ಲರಂತೆ ಚಿಗವ್ವನೂ ಬಗ್ಗಿದಳು. ಅಜ್ಜಿ ಚಾಚಿದ ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು. "ಏನು ತಪ್ಪು ಅಂತ ಬಾಯಿಬಿಟ್ಟು ಹೇಳು. ಆಮ್ಯಾಲೆ ಮಾಫಿ." ಚಿಗವ್ವನ ಕೈ ಬರಿಯ ನೆಲದ ಮೇಲೆ ಉಳಿಯಿತು. "ಮಾಡದ್ದನ್ನ ಏನಂತ ಹೇಳ್ಲಿ ಅತ್ತಿ?" ಅಂದಳು. ಅವ್ವ ಅಡುಗೆಮನೆಗೆ ಕರೆದು, "ತಂಗಿ, ಹೂಂ ಅಂದುಬಿಡು, ಮುದುಕಿ ಜೀವಕ್ಕ ಸಮಾಧಾನ ಆಗ್ತದ, ಮುಗದು ಹೋಗ್ಲಿ" ಅಂತ ಬೇಡಿಕೊಂಡಳು. ಚಿಗವ್ವ ಅಂದದ್ದು ಇಷ್ಟೇ: "ಇಲ್ಲದ ಪಾಪ ಒಪ್ಪಿಕೊಳ್ಳೂದೂ ಸುಳ್ಳಲ್ಲೇನಕ್ಕಾ?" ಬಾಗಿಲ ಸಂದಿಯಲ್ಲಿ ನಾನು ಕೇಳುತ್ತ ನಿಂತಿದ್ದೆ. ಇಲ್ಲದ ತಂಗಿಗೆ ಹೊಡೆದೆ ಅಂತ ಹೇಳಿ ಬಂದವಳು ನಾನು. ಇವಳು ಮನೆ ಉಳಿಸಿಕೊಳ್ಳಲಿಕ್ಕೂ ಒಂದು ಸುಳ್ಳು ಪಾಪ ಹೇಳಲು ಒಲ್ಲಳು.

ನಾಲ್ಕು ವಾರ ಗೂಡಿಗೆ ಹೋಗಿ ಏನೇನೋ ಹೇಳಿ ಬಂದೆ. ಐದನೆಯ ವಾರ ತಡೆಯಲಾಗಲಿಲ್ಲ. ಜಾಲರಿಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಎಲ್ಲ ಹೇಳಿಬಿಟ್ಟೆ. ಫಾದರ್ ನಾನು ಅತ್ತು ಮುಗಿಸುವವರೆಗೂ ಕಾದರು. "ಮಣಿ ಹೊಳ್ಯಾಗ ಬಿದ್ದದ್ದು ದೊಡ್ಡದಲ್ಲವಾ. ಇನ್ನೊಬ್ಬಾಕಿ ಹೆಸರು ಮುಳುಗ್ಯಾದ, ಅದನ್ನ ಎತ್ತಬೇಕು. ಮನಿಗೆ ಹೋಗಿ ಅಜ್ಜಿಗೆ ಹೇಳು, ಅದ ನಿನ್ನ ಪ್ರಾಯಶ್ಚಿತ್ತ" ಅಂದರು. ಹೊರಗೆ ಬಂದಾಗ ಮೈ ಎಷ್ಟು ಹಗುರಾಗಿತ್ತೆಂದರೆ, ಮನೆಯವರೆಗೂ ಕುಣಿಯುತ್ತ ಹೋದೆ. ಅಂಗಳದಲ್ಲಿ ಅಜ್ಜಿ ಮೆಣಸಿನಕಾಯಿ ಆರಿಸುತ್ತ ಕೂತಿದ್ದಳು. ಮುಖ ನೋಡಿದೆ. ನಾಳೆ ಹೇಳೋಣ ಅಂದುಕೊಂಡೆ. ಉಗುರಿನಿಂದ ಕೆರೆಯುವ ಕೆಲಸ ಅಂದು ಶುರುವಾದದ್ದು.

ಮುಂದಿನ ತಿಂಗಳು ಮನೆ ಆಶೀರ್ವಾದಕ್ಕೆಂದು ಫಾದರ್ ಬಂದರು. ಅಜ್ಜಿ ಚಹಾ ಕೊಟ್ಟು ಎದುರಿಗೇ ಕೂತು ಸಣ್ಣ ಸೊಸೆಯ ಪುರಾಣ ಬಿಚ್ಚಿದಳು. ಕಳ್ಳಿ ಅಂದಳು, ಕಲ್ಲೆದೆಯವಳು ಅಂದಳು. ಚಿಗವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಆ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಈಗ ಫಾದರ್ ಹೇಳುತ್ತಾರೆ, ಹೇಳಿಬಿಡಲಿ, ಮುಗಿದು ಹೋಗಲಿ ಅಂತ ಕಂಬ ಹಿಡಿದು ನಿಂತೆ. ಅವರು ಚಹಾ ಕುಡಿದರು. ಬಟ್ಟಲು ಕೆಳಗಿಟ್ಟರು. ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ಗೂಡಿನಲ್ಲಿ ಕೇಳಿದ್ದನ್ನು ಸತ್ತರೂ ಹೊರಗೆ ಆಡುವಂತಿಲ್ಲ, ಗೊತ್ತಿರುವ ಹಾಗೆ ತೋರಿಸುವಂತೆಯೂ ಇಲ್ಲ ಅನ್ನುವುದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಆವತ್ತು ಮಾತ್ರ ಆ ಮುದುಕರ ಮೇಲೆ ಎಂಥ ಸಿಟ್ಟು ಬಂದಿತ್ತು! ಅವರು ಎದ್ದು ಹೋದರು. ಹೇಳುವವಳು ಊರಿಗೆಲ್ಲ ನಾನೊಬ್ಬಳೇ ಉಳಿದೆ, ಹೇಳಲಿಲ್ಲ.

ಚಿಗವ್ವ ಭಾನುವಾರದ ಬಲಿಪೂಜೆಗೆ, ಅಂದರೆ ಗುಡಿಯ ವಾರದ ಆರಾಧನೆಗೆ, ಬರುತ್ತಿದ್ದಳು, ಆದರೆ ಕೊನೆಗೆ ಫಾದರ್ ನಾಲಿಗೆಯ ಮೇಲೆ ಇಡುವ ತೆಳ್ಳನೆ ರೊಟ್ಟಿಯ ಬಿಲ್ಲೆ, ಆ ಪರಮಪ್ರಸಾದ, ತೆಗೆದುಕೊಳ್ಳುವುದನ್ನು ಬಿಟ್ಟಳು. ಎಲ್ಲರೂ ಸಾಲಾಗಿ ಮುಂದೆ ಹೋಗುವಾಗ ಅವಳು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದಳು. ಅತ್ತೆಯ ಮೇಲಿನ ಸಿಟ್ಟು ಹೊಟ್ಟೆಯಲ್ಲಿ ಇಟ್ಟುಕೊಂಡು ಹೇಗೆ ತೆಗೆದುಕೊಳ್ಳಲಿ ಅಂದಳಂತೆ. ಊರವರು ಅದಕ್ಕೆ ಕಳ್ಳತನದ ಅರ್ಥ ಹಚ್ಚಿದರು. ವರ್ಷದೊಳಗೆ ಕಾಕ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಹಿಡಿದು ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ. ಹೋಗುವಾಗ ಚಿಗವ್ವ ನನ್ನ ಕೆನ್ನೆ ಹಿಡಿದು, "ಸೆಲೀ, ತಲಿ ನೋಡಿಸ್ಕೋತಿರು, ಹೇನು ಬಿಟ್ಕೋಬ್ಯಾಡ" ಅಂದಳು. ಆ ಬೆಳ್ಳುಳ್ಳಿಯ ವಾಸನೆ ಎರಡು ದಿನ ಕೆನ್ನೆಯ ಮೇಲೆ ಇದ್ದ ಹಾಗಿತ್ತು. ಅಂಗಳದಲ್ಲಿ ಚಾಪೆ ಹಾಸುವವರು ಆಮೇಲೆ ಯಾರೂ ಇರಲಿಲ್ಲ.

ನನಗೆ ಹದಿನಾರು ತುಂಬಿದ ವರ್ಷ ಅಜ್ಜಿ ಹಾಸಿಗೆ ಹಿಡಿದಳು. ಕೊನೆಯ ಪಾಪನಿವೇದನೆ ಕೇಳಲು ಫಾದರ್ ಬಂದಾಗ ನಾವೆಲ್ಲ ಅಂಗಳಕ್ಕೆ ಹೋದೆವು. ಅಲ್ಲಿಗೂ ಕೇಳುತ್ತಿತ್ತು, ಕೇಳದೆ ಇರುತ್ತದೆಯೇ? "ಸ್ವಾಮಿ, ಲೂರ್ದಿ ಕದ್ದಿದ್ದನ್ನ ನಾ ಕ್ಷಮಿಸೀನಿ. ಮನಸಾರೆ ಕ್ಷಮಿಸೀನಿ." ಅವ್ವ ಕಣ್ಣೊರೆಸಿಕೊಂಡು, "ಎಂಥಾ ದೊಡ್ಡ ಮನಸು ನೋಡು" ಅಂದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಒಂಬತ್ತು ವರ್ಷದ ಕೂಸು ಹೆದರಿತು ಅಂದರೆ ಯಾರಾದರೂ ಒಪ್ಪಿಯಾರು. ಹದಿನಾರರ ಹುಡುಗಿ, ಹತ್ತು ಹೆಜ್ಜೆ ದೂರ, ಒಂದು ಮಾತು. ತಪ್ಪೇ ಮಾಡದವಳನ್ನು ಕ್ಷಮಿಸಿ ಅಜ್ಜಿ ಮೂರನೆಯ ದಿನ ಕಣ್ಣು ಮುಚ್ಚಿದಳು. ಮಣ್ಣಿಗೆ ಕಾಕ ಒಬ್ಬನೇ ಬಂದ.

ಆಮೇಲೂ, ಶನಿವಾರದ ಪಾಪನಿವೇದನೆಯೇ ನಿಂತುಹೋಗುವವರೆಗೆ ನಾನು ಒಂದು ವಾರ ತಪ್ಪಿಸಲಿಲ್ಲ, ಇದನ್ನು ಹೇಳಿದರೆ ನೀವು ನಗುತ್ತೀರಿ. ಮದುವೆಯಾಯಿತು, ಟೀಚರ್ ಕೆಲಸ ಸಿಕ್ಕಿತು, ಮಗಳು ಹುಟ್ಟಿದಳು, ಎಷ್ಟೋ ಫಾದರ್‌ಗಳು ಬಂದು ಹೋದರು. ಪ್ರತಿ ಸಲ ಕೊನೆಗೆ "ಒಂದು ಹಳೇ ಪ್ರಾಯಶ್ಚಿತ್ತ ಬಾಕಿ ಐತಿ ಸ್ವಾಮಿ" ಅನ್ನುತ್ತಿದ್ದೆ. "ಮಾಡಿ ಮುಗಿಸಮ್ಮಾ" ಅನ್ನುವರು ಅವರು. "ಹೂಂ" ಅನ್ನುತ್ತಿದ್ದೆ. ಅಜ್ಜಿ ಸತ್ತಳು, ಇನ್ನು ಯಾರಿಗೆ ಹೇಳಲಿ ಅಂತ ನನಗೆ ನಾನೇ ನೆಪ ಕೊಟ್ಟುಕೊಂಡಿದ್ದೆ. ವಾರ ವಾರ ಹೋಗಿ ಪ್ರಯೋಜನವೇನು ಬಂತು ಅಂತ ನನ್ನ ಮಗಳು ಕೇಳಬಹುದು. ಬಂತು. ಆ ಶನಿವಾರಗಳು ಇಲ್ಲದಿದ್ದರೆ ನಾನು ಅದನ್ನು ಎಂದೋ ಮರೆತು, ಸುಖವಾಗಿ, ಒಳ್ಳೆಯ ಹೆಂಗಸು ಅನ್ನಿಸಿಕೊಂಡು ಸತ್ತುಹೋಗುತ್ತಿದ್ದೆ. ಮರೆಯಲು ಬಿಡಲಿಲ್ಲ ಅದು, ದಿನಾ ಅದೇ ಹಲ್ಲು ನೋಯುವ ಹಾಗೆ.

ಸಾಮಾನು ಕೋಣೆಯಿಂದ ಹೊರಗೆ ಬಂದು, ಕೈಯಲ್ಲಿದ್ದ ಹುಲ್ಲನ್ನು ಅಲ್ಲೇ ಕೆಡವಿ, ನೇರ ಬಸ್ ಸ್ಟ್ಯಾಂಡಿಗೆ ನಡೆದೆ. ಕಾಲು ತಾವೇ ನಡೆದವು. ಕಂಪ್ಲಿಯಲ್ಲಿ ಚಿಗವ್ವ ಮಗಳ ಮನೆಯಲ್ಲಿ ಇದ್ದಾಳೆ, ಕಾಕ ತೀರಿಕೊಂಡು ನಾಲ್ಕು ವರ್ಷ. ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ಬಾರವಾ ಸೆಲೀ, ಕುಂದ್ರು, ಎಷ್ಟು ಸೊರಗೀಯ" ಅಂದಳು. ನಾನು ಕೂರಲಿಲ್ಲ. ಬಗ್ಗಿ ಕಾಲು ಮುಟ್ಟಿ, "ತಪ್ಪಾಗಿದ್ರ ಮಾಫಿ ಮಾಡ್ರಿ ಚಿಗವ್ವಾ" ಅಂದೆ. ಎಷ್ಟು ವರ್ಷದ ಮೇಲೆ ಆ ಮಾತು ಕೇಳಿದಳೋ, ಅವಳ ಕೈ ನಿಂತಿತು. "ಯಾವ ತಪ್ಪು?" ಅಂದಳು. ಅಜ್ಜಿ ಕೇಳಿದ್ದು ಅದನ್ನೇ, ಇವಳ ದನಿ ಮೆತ್ತಗಿತ್ತು ಅಷ್ಟೇ. ಹೇಳಿದೆ. ಮೊಳೆಯಿಂದ ಹೊಳೆಯವರೆಗೆ, ಹೊಳೆಯಿಂದ ಅಂಗಳದವರೆಗೆ, ಒಂದೂ ಬಿಡದೆ.

"ಹೊಳ್ಯಾಗ ಐತೇನು ಅದು" ಅಂದಳು. "ಎಷ್ಟು ಸಲ ಟ್ರಂಕ್ ತಗದು ನೋಡೀನಿ ಗೊತ್ತೇನ? ನಾನ ಎಲ್ಯರ ಇಟ್ಟು ಮರ್ತೀನೇನೋ ಅಂತ. ಎಲ್ಲಾರೂ ಹಂಗಂದ್ರ ಮನಷ್ಯಾಗ ತನ್ನ ಮ್ಯಾಲೆ ತನಗ ಡೌಟ್ ಬರ್ತತಿ." ನಾನು ಅಳತೊಡಗಿದೆ. "ಅಳಬ್ಯಾಡ, ಇನ್ನೂ ಐತಿ ಕೇಳು. ನನ್ನ ಮಗಳ ಮೊದಲ ಪರಮಪ್ರಸಾದದ ಮುಂದ ನಿಮ್ಮ ಕಾಕ ಕೈಮುಗದು ಕೇಳಿದ್ರು. ಅವ್ವನೂ ಇಲ್ಲ ಈಗ, ಕದ್ದೀನಿ ಅಂತ ಒಂದ್ ಸಲ ಹೇಳಿ ಹಗುರಾಗು, ಕೂಸಿನ ಜೊತಿ ನೀನೂ ಪ್ರಸಾದ ತೊಗೋ ಅಂದ್ರು. ಅವರೂ ನಂಬಿದ್ದಿಲ್ಲ ನನ್ನ. ಹೋಗಿ ಹೇಳಿಬಿಟ್ಟೆ. ಮಾಡದ್ದನ್ನ ಮಾಡೀನಿ ಅಂತ ಹೇಳಿ ಕ್ಷಮಾ ತೊಗೊಂಡೆ. ಆ ಪ್ರಸಾದ ಇನ್ನೂ ಇಲ್ಲೇ ಐತಿ, ಇಳದಿಲ್ಲ." ಗಂಟಲ ಮೇಲೆ ಕೈ ಇಟ್ಟು ತೋರಿಸಿದಳು. "ಆವತ್ತಿಂದ ಮತ್ತ ತೊಗೊಂಡಿಲ್ಲ."

ಅಯ್ಯೋ ನನ್ನ ಬಾಯಿಗೆ ಮಣ್ಣು ಬೀಳಲಿ, ನಾನು ಮುಚ್ಚಿಟ್ಟ ಒಂದು ನಿಜ ಅವಳ ಬಾಯಿಂದ ಆ ಸುಳ್ಳು ಆಡಿಸಿತ್ತು. ಮನೆ ಹೋದಾಗಲೂ ಆಡದ ಸುಳ್ಳು. ಕಾಕ ಅದನ್ನೇ ನಂಬಿಕೊಂಡು ಸತ್ತ. ಅಪ್ಪ, ಅವ್ವ, ಕೇಳಬೇಕಾದವರು ಒಬ್ಬರೂ ಉಳಿದಿಲ್ಲ. "ಮಾಫಿ ಮಾಡ್ತೀರೇನು ಚಿಗವ್ವಾ?" ಅಂದೆ. ಚಿಗವ್ವ ಅವರೆ ಸಿಪ್ಪೆ ಕೊಡವಿಕೊಂಡು ಎದ್ದಳು. "ನಿನ್ನ ಮಾಫಿ ಆಮ್ಯಾಲೆ. ನಾಡಿದ್ದು ಶನಿವಾರ ಐತಿ, ನಾ ಹೊಸಪ್ಯಾಟಿಗೆ ಬರ್ತೀನಿ. ನಿಮ್ಮಜ್ಜಿಗೆ ಹೇಳು ಅಂದಿದ್ರಲ್ಲ ಫಾದರ್, ಹೇಳು."

ಶನಿವಾರ ನಾಲ್ಕು ಗಂಟೆಗೆ ಸಮಾಧಿಭೂಮಿಯಲ್ಲಿ ನಾವಿಬ್ಬರೇ ಏನಲ್ಲ. ಆಚೆ ಮೂಲೆಯಲ್ಲಿ ಒಂದು ಕುಟುಂಬ ಹೊಸ ಸಮಾಧಿಗೆ ಸುಣ್ಣ ಬಳಿಯುತ್ತಿತ್ತು, ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಅಜ್ಜಿಯ ಕಲ್ಲಿನ ಮುಂದೆ ನಿಂತು ತುಟಿಯೊಳಗೇ ಹೇಳಿದೆ. ಚಿಗವ್ವ ನನ್ನ ಮೊಣಕೈ ತಿವಿದಳು. "ನಿಮ್ಮಜ್ಜಿಗೆ ಕಿವಿ ಕೇಳ್ತಿತ್ತೇನು? ಜೋರಾಗಿ ಹೇಳು." ಐವತ್ತು ದಾಟಿದ ನಾನು, ಟೀಚರಮ್ಮ, ಇಳಿಬಿಸಿಲು ಮುಖಕ್ಕೆ ಹೊಡೆಯುವಾಗ ಗಂಟಲು ಹರಿಯುವಂತೆ ಕೂಗಿದೆ: "ಅಜ್ಜೀ, ಜಪಸರ ತೊಗೊಂಡಾಕಿ ನಾನು! ಹೊಳ್ಯಾಗ ಕೆಡವಿದಾಕಿ ನಾನು! ಲೂರ್ದಮ್ಮ ಚಿಗವ್ವ ತೊಗೊಂಡಿಲ್ಲ!" ಸುಣ್ಣ ಬಳಿಯುವವರು ಬ್ರಷ್ ಎತ್ತಿಹಿಡಿದು ನೋಡುತ್ತ ನಿಂತರು. ನೋಡಲಿ, ಕೇಳಲಿ, ಊರಿಗೆಲ್ಲ ಹೇಳಲಿ.

ಚಿಗವ್ವ ನನ್ನ ತಲೆಯ ಮೇಲೆ ಕೈ ಇಟ್ಟಳು. "ನಂದೂ ಮಾಫಿ ಮಾಡು" ಅಂದಳು, ಕಟ್ಟಳೆ ಇದ್ದ ಹಾಗೆಯೇ. ಬೆಳ್ಳುಳ್ಳಿಯ ವಾಸನೆ. "ನಡಿ, ಗುಡಿ ಬಾಗಲ ತಗದಿರ್ತಾರ, ಆ ಸುಳ್ಳು ಹೇಳಿದ್ದನ್ನ ನಾ ಫಾದರಿಗೆ ಹೇಳಬೇಕು" ಅಂದು ಸೆರಗು ಹೊದ್ದುಕೊಂಡಳು. ಎರಡು ಹೆಜ್ಜೆ ಹೋದವಳು ನೆನಪಾಗಿ ತಿರುಗಿ ಬಂದಳು. ಸೊಂಟ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ, ಕಲ್ಲಿನ ಕಾಲ್ದೆಸೆಯ ತುದಿಗೆ ಎರಡೂ ಕೈ ಹಚ್ಚಿ, ಬಹಳ ಹೊತ್ತು ಹಾಗೇ ಇದ್ದಳು. ಈ ಸಲ ಅಜ್ಜಿ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.